ಮರದ ಬುಡದ ಮಣ್ಣು ಕಲ್ಲಿನಂತಾಗಿದೆ, ಏನು ಮಾಡಲಿ?

ಪ್ರಶ್ನೆ: ಮನೆ ಕಟ್ಟುವಾಗ ನಮ್ಮ ಹಳೆಯ ಮರದ ಕೆಳಗೆ ಲಾರಿಗಳು ನಿಲ್ಲುತ್ತಿದ್ದವು. ಮೂರು ವರ್ಷ ಕಳೆದಿದೆ. ಈಗ ನೆತ್ತಿಯ ಕೊಂಬೆಗಳು ತುದಿಯಿಂದ ಒಣಗುತ್ತಿವೆ, ಎಲೆಗಳು ಸಣ್ಣದಾಗಿವೆ, ಸುರಿದ ನೀರು ಗಂಟೆಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಗೊಬ್ಬರ ಹಾಕಿದರೂ ಚೇತರಿಕೆಯಿಲ್ಲ. ಸುತ್ತಲೂ ಅಗೆದು ಸಡಿಲಿಸಬಹುದೇ? ಅನುಭವವಿದ್ದವರು ತಿಳಿಸಿ.

ಮೊದಲ ಉತ್ತರ: ದಯವಿಟ್ಟು ಅಗೆಯಬೇಡಿ. ಇಂಥದ್ದೇ ಸ್ಥಿತಿಯಲ್ಲಿ ನಾನು ಮರದ ಸುತ್ತ ಒಂದು ಅಡಿ ಆಳಕ್ಕೆ ಮಣ್ಣು ಮಗುಚಿಸಿದೆ. ಗುದ್ದಲಿಗೆ ಸಿಕ್ಕಿದ ಎಳೆಬೇರುಗಳನ್ನು ಬುಟ್ಟಿಯಲ್ಲಿ ಹೊತ್ತು ಹಾಕಬೇಕಾಯಿತು. ಎರಡನೆಯ ಬೇಸಿಗೆಗೆ ಮರ ಹೋಯಿತು. ಆ ನೋವು ಇಂದಿಗೂ ಆರಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನೀರು, ಸಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ 30 ಸೆಂಟಿಮೀಟರ್ ಮಣ್ಣಿನಲ್ಲಿಯೇ ಇರುತ್ತವೆ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ನಾವು ಅಗೆಯುವುದು ಅವುಗಳನ್ನೇ.

ಗೊಬ್ಬರ ಏಕೆ ಫಲ ಕೊಡಲಿಲ್ಲ ಎಂದರೆ ಕೊರತೆಯಿರುವುದು ಸಾರಕ್ಕಲ್ಲ, ಗಾಳಿಗೆ. ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಜಾಗ ಬರಿಯ ರಂಧ್ರಗಳು. ಗಾಳಿಯೂ ನೀರೂ ಅದನ್ನು ಹಂಚಿಕೊಂಡಿರುತ್ತವೆ. ಭಾರ ಬಿದ್ದಾಗ ಮೊದಲು ಕುಸಿಯುವುದು ದೊಡ್ಡ ರಂಧ್ರಗಳು, ಅಂದರೆ ಬೇರು ಉಸಿರಾಡುವ ದಾರಿಗಳು. ಅದರಲ್ಲೂ ಹಸಿ ಮಣ್ಣಿನ ಮೇಲೆ ವಾಹನ ಮೊದಲ ಕೆಲವು ಸಲ ಹಾದಾಗಲೇ ಹೆಚ್ಚಿನ ಹಾನಿ ಆಗಿಬಿಡುತ್ತದೆ.

ಇನ್ನೊಬ್ಬರು: ಮೇಲಿನವರ ಮಾತು ನಿಜ, ಆದರೆ ಕೈಕಟ್ಟಿ ಕೂರಬೇಕಿಲ್ಲ. ಮೊದಲು ಓಡಾಟ, ವಾಹನ ಎರಡನ್ನೂ ಬೇಲಿ ಹಾಕಿ ತಡೆಯಿರಿ. ಇದಿಲ್ಲದೆ ಮುಂದಿನದೆಲ್ಲ ವ್ಯರ್ಥ. ನಂತರ ಮರದ ಚೂರು, ತರಗೆಲೆಗಳನ್ನು 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ನಾನು ಮಾಡಿದ್ದು ಇಷ್ಟೇ. ಮೊದಲ ವರ್ಷ ಏನೂ ಕಾಣಲಿಲ್ಲ. ಎರಡನೆಯ ಮಳೆಗಾಲದಲ್ಲಿ ಹೊದಿಕೆ ಸರಿಸಿ ನೋಡಿದರೆ ಎರೆಹುಳುಗಳು, ಬಿಳಿಯ ಎಳೆಬೇರುಗಳು! ಮೂರನೆಯ ವರ್ಷ ಚಿಗುರಿನ ಉದ್ದ ಬದಲಾಯಿತು.

ಪರೀಕ್ಷೆಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ನೀರುಣಿಸಿದ ಮರುದಿನ ಮರದ ಕೆಳಗೂ, ಯಾರೂ ತುಳಿಯದ ಜಾಗದಲ್ಲೂ ಚುಚ್ಚಿ ನೋಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಮತ್ತೊಬ್ಬರು: ನಮ್ಮದು ಜೇಡಿಮಣ್ಣು, ಹೊದಿಕೆಯೊಂದೇ ಸಾಲಲಿಲ್ಲ. ಮರಗಳ ಆರೈಕೆ ಬಲ್ಲವರು ಬಂದು ಒತ್ತಡದ ಗಾಳಿಯ ಯಂತ್ರದಿಂದ ಮಣ್ಣನ್ನು ಹಾರಿಸಿದರು. ಗಾಳಿ ಮಣ್ಣನ್ನು ಒಡೆಯುತ್ತದೆ, ಬೇರನ್ನು ಹೆಚ್ಚು ಗಾಯಗೊಳಿಸುವುದಿಲ್ಲ. ಕಾಂಡದಿಂದ ಸುಮಾರು 3 ಮೀಟರ್ ದೂರದಿಂದ ಹೊರಕ್ಕೆ, ಚಕ್ರದ ಅರಗಳಂತೆ, 25 ಸೆಂಟಿಮೀಟರ್ ಆಳದ ಕಾಲುವೆಗಳು. ಅದೇ ಮಣ್ಣಿಗೆ ಕಾಂಪೋಸ್ಟ್ ಬೆರೆಸಿ ತುಂಬಿದರು. ಬೇರುಗಳೂ ಅದೇ ದಿಕ್ಕಿನಲ್ಲಿ ಸಾಗುವುದರಿಂದ ಕಡಿತ ಕಡಿಮೆ. ಮರವನ್ನು ಸುತ್ತುವರಿದು ತೋಡಿದರೆ ಎಲ್ಲವೂ ತುಂಡಾಗುತ್ತವೆ. ಜೇಡಿಮಣ್ಣಿಗೆ ಮರಳು ಬೆರೆಸಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಇನ್ನಷ್ಟು ಗಟ್ಟಿಯಾಗುವ ಸಂಭವವೇ ಹೆಚ್ಚು. ಮಣ್ಣು ಸಡಿಲವಾಗಲೆಂದು ಹಾಕುವ ಜಿಪ್ಸಮ್ ಎಂಬ ಖನಿಜದ ಪುಡಿ ಸಹ ಸೋಡಿಯಂ ಹೆಚ್ಚಿರುವ ಮಣ್ಣಿಗಷ್ಟೇ ಉಪಯುಕ್ತ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆ. ಅಗೆಯುವವರನ್ನು ನಾಳೆಗೆ ಕರೆದಿದ್ದೆ, ಬೇಡವೆಂದು ತಿಳಿಸಿದೆ. ಬೇಲಿಯಿಂದ ಆರಂಭಿಸುತ್ತೇನೆ. ಹೊದಿಕೆಯನ್ನು ಕಾಂಡಕ್ಕೆ ತಾಗಿಸಿ ಹಾಕಬಹುದೇ?

ಎರಡನೆಯವರು: ಬೇಡ, ತೊಗಟೆ ಕೊಳೆಯುತ್ತದೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಹೊರಕ್ಕೆ ಮಾತ್ರ ಜಾಗವಿದ್ದಷ್ಟೂ ಹರಡಿ. ಒಣ ದಿನಗಳಲ್ಲಿ ನೀರನ್ನು ಒಮ್ಮೆಲೇ ಸುರಿಯದೆ, ಇಂಗುವಷ್ಟು ನಿಧಾನವಾಗಿ ಕೊಡಿ.