ಲೆಬನಾನಿನಲ್ಲಿ ಊರು ಬಿಟ್ಟವರ ಮತ ಯಾವ ಊರಿಗೆ ಸೇರಬೇಕು?

ದಂಡೆಮನೆ: ಲೆಬನಾನಿನಲ್ಲಿ ಜನ ಮತ ಹಾಕುವುದು ವಾಸವಿರುವ ಕಡೆ ಅಲ್ಲ, ಅಜ್ಜ-ಮುತ್ತಜ್ಜರ ಹೆಸರು ದಾಖಲಾದ ಊರಿನಲ್ಲಿ. 1975–90ರ ಅಂತರ್ಯುದ್ಧದಲ್ಲಿ ಮನೆ ಕಳೆದುಕೊಂಡು ಬೈರೂತಿನ ಅಂಚಿಗೆ ಬಂದವರ ಮೊಮ್ಮಕ್ಕಳಿಗೂ ಇದೇ ನಿಯಮ. ಕಸ ಎತ್ತುವ ಪುರಸಭೆ ಒಂದು, ಮತ ಕೇಳುವ ಪುರಸಭೆ ಇನ್ನೊಂದು. ಈ ಪದ್ಧತಿ ಹೋಗಲೇಬೇಕು.

ಹಳೇಪುಟ: ಹೋಗಲಿ ಅನ್ನುವ ಮೊದಲು ಬೈರೂತಿನ ಆಗ್ನೇಯಕ್ಕಿರುವ ಷೂಫ್ ಬೆಟ್ಟದ ಕಡೆ ನೋಡಿ ಸರ್. 1983ರ ಸೆಪ್ಟೆಂಬರಿನಲ್ಲಿ ಇಸ್ರೇಲಿ ಸೇನೆ ಅಲ್ಲಿಂದ ಹಿಂದೆ ಸರಿದದ್ದೇ ತಡ, ಡ್ರೂಜ್ (ಇಸ್ಲಾಮಿನಿಂದ ಕವಲೊಡೆದ ಪಂಗಡ) ಮತ್ತು ಮಾರೊನೈಟ್ (ಲೆಬನಾನಿನ ದೊಡ್ಡ ಕ್ರೈಸ್ತ ಪಂಗಡ) ಪಡೆಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಕ್ರೈಸ್ತರ ಹಳ್ಳಿಗಳು ಬರಿದಾದವು, ಅಲ್ಲಿನ ಕ್ರೈಸ್ತ ಪಟ್ಟಣ ದೇರ್ ಅಲ್-ಕಮರ್ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿತ್ತು. ದಾಖಲೆಯನ್ನು ಆಗಲೇ ವಾಸಸ್ಥಳಕ್ಕೆ ವರ್ಗಾಯಿಸಿದ್ದರೆ, ಬಂದೂಕು ಮಾಡಿದ ಕೆಲಸಕ್ಕೆ ಸರ್ಕಾರವೇ ಮೊಹರು ಒತ್ತಿದಂತಾಗುತ್ತಿತ್ತು. ಮರಳುವುದು ಪ್ರತಿಯೊಬ್ಬ ನಿರಾಶ್ರಿತನ ಹಕ್ಕು ಎಂದು ಅಂತರ್ಯುದ್ಧ ಮುಗಿಸಲು ಮಾಡಿಕೊಂಡ 1989ರ ತಾಯಿಫ್ ಒಪ್ಪಂದ ಬರೆದುಕೊಟ್ಟಿದೆ. ಆ ಹಕ್ಕಿಗೆ ಕೈಯಲ್ಲಿ ಹಿಡಿಯಬಹುದಾದ ಕಾಗದ ಈ ದಾಖಲೆಯೇ.

ಕಡತದವಳು: ಕಾಗದ ಉಳಿಯಿತು, ಜನ ಮರಳಲಿಲ್ಲವಲ್ಲ. ಯಾಕೆ ಅನ್ನುವುದನ್ನು ಯುದ್ಧದ ನಂತರ ಸರ್ಕಾರ ಕೊಟ್ಟ ಪರಿಹಾರದ ಕ್ರಮದಲ್ಲೇ ಕಾಣಬಹುದು. ಪರರ ಮನೆಯಲ್ಲಿ ಸೇರಿಕೊಂಡವರಿಗೆ ಖಾಲಿ ಮಾಡಲು ಹಣ, ಹಾನಿಯಾದ ಮನೆಗೆ ದುರಸ್ತಿ ಹಣ, ನೆಲಸಮವಾದದ್ದಕ್ಕೆ ಕಟ್ಟುವ ಹಣ. ಖಾಲಿ ಮಾಡಿಸುವ ಹಣಕ್ಕೆ ಪಕ್ಷಗಳು ತಮ್ಮವರ ಹೆಸರು ಸೇರಿಸಿದವು ಎಂಬ ದೂರು ಮೊದಲಿನಿಂದಲೂ ಇದೆ. ಕಟ್ಟುವ ಹಣ ಕಂತುಕಂತಾಗಿ ಬರುತ್ತಿತ್ತು. ನಡುವೆ ನಿಂತರೆ ಕಂಬ, ಚಾವಣಿ ಎದ್ದಿರುತ್ತವೆ, ಬಾಗಿಲು-ಕಿಟಕಿ ಇರುವುದಿಲ್ಲ, ಮೇಲೆ ಚಾಚಿದ ಕಬ್ಬಿಣ ಮಳೆಗೆ ತುಕ್ಕು ಹಿಡಿಯುತ್ತದೆ. ಪೂರ್ತಿಯಾದ ಮನೆಗಳೂ ಎಷ್ಟೋ ಕಡೆ ಬೇಸಿಗೆಯ ಮನೆಗಳಾದವು. ಶಾಲೆ, ಕೆಲಸ ಎರಡೂ ನಗರದಲ್ಲೇ ಉಳಿದಾಗ ಮತ್ತೇನಾದೀತು? 90ರ ದಶಕದಲ್ಲಿ ಈ ಪರಿಹಾರ ನೋಡಿಕೊಳ್ಳುವ ನಿರಾಶ್ರಿತರ ಖಾತೆಯ ಸಚಿವರು ವಲೀದ್ ಜುಂಬ್ಲಾಟ್. ಷೂಫ್ ಬೆಟ್ಟದ ಯುದ್ಧದಲ್ಲಿ ಡ್ರೂಜ್ ಪಡೆಯ ನಾಯಕರೂ ಅವರೇ. ಇದನ್ನು ಮರೆತು ಮಾತಾಡಬಾರದು.

ಇನ್ನೊಂದು. ಮದುವೆಯಾದ ಹೆಂಗಸಿನ ದಾಖಲೆ ಗಂಡನ ಊರಿಗೆ ಹೋಗುತ್ತದೆ. ಅವಳು ಒಂದು ರಾತ್ರಿಯೂ ಮಲಗದ ಊರಿಗೆ ಮತ ಹಾಕಬೇಕು. ದಾಖಲೆಯ ಊರೇ ನಮ್ಮ ಬೇರು ಅನ್ನುವವರು ಯಾರ ಬೇರು ಅಂತಲೂ ಹೇಳಲಿ.

ಹಳೇಪುಟ: ಹೆಂಗಸರ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ ಮೇಡಂ, ಅದು ಅನ್ಯಾಯವೇ.

ಲೆಕ್ಕಿಗ: ಸೀಟುಗಳ ಲೆಕ್ಕ ಬಿಟ್ಟರೆ ವಾದ ಗಾಳಿಯಲ್ಲಿ ನಿಲ್ಲುತ್ತದೆ. ಸಂಸತ್ತಿನಲ್ಲಿ 128 ಸ್ಥಾನ, 64 ಕ್ರೈಸ್ತರಿಗೆ, 64 ಮುಸ್ಲಿಂ ಮತ್ತು ಡ್ರೂಜರಿಗೆ. ಬಅಬ್ದಾ ಕ್ಷೇತ್ರ ತಗೊಳ್ಳಿ: 6 ಸ್ಥಾನ, 3 ಮಾರೊನೈಟ್, 2 ಶಿಯಾ, 1 ಡ್ರೂಜ್. ಬೈರೂತಿನ ದಕ್ಷಿಣದ ಬಡಾವಣೆಗಳು ಬಹುಪಾಲು ಇದರೊಳಗೇ ಬರುತ್ತವೆ. ಅಲ್ಲಿರುವ ಅನೇಕ ಶಿಯಾ ಕುಟುಂಬಗಳ ದಾಖಲೆ ದಕ್ಷಿಣ ಲೆಬನಾನಿನಲ್ಲಿ, ಬೆಕಾ ಕಣಿವೆಯಲ್ಲಿದೆ. ಸ್ಥಾನ ಪಂಗಡಕ್ಕೆ ಮೀಸಲಾದರೂ ಮತ ಹಾಕುವುದು ಕ್ಷೇತ್ರದ ಎಲ್ಲ ಪಂಗಡದವರೂ, ಹಾಗಾಗಿ ಅವರೆಲ್ಲ ಇದ್ದಲ್ಲೇ ಮತದಾರರಾದರೆ ಮಾರೊನೈಟ್ ಸ್ಥಾನಗಳನ್ನೂ ಬಹುಮಟ್ಟಿಗೆ ಅವರ ಮತವೇ ತೀರ್ಮಾನಿಸುತ್ತದೆ. ಮೀಸಲು ಸೀಟು ಹಾಗೇ ಇಟ್ಟು ದಾಖಲೆ ಮಾತ್ರ ಬದಲಿಸಿದರೆ ಹೊಸ ಜಗಳ ಖಂಡಿತ.

ಹಾಗಾಗಿ ಮೊದಲು ಮೆಗಾಸೆಂಟರ್ ಬರಲಿ: ಇದ್ದ ಊರಿನ ಹತ್ತಿರದ ದೊಡ್ಡ ಕೇಂದ್ರದಲ್ಲಿ, ದಾಖಲೆಯ ಊರಿನ ಕ್ಷೇತ್ರಕ್ಕೇ ಮತ. 2017ರ ಕಾನೂನಿನಿಂದ ಮತಪತ್ರ ಸರ್ಕಾರವೇ ಅಚ್ಚು ಹಾಕಿಸುತ್ತದೆ, 15 ಕ್ಷೇತ್ರಗಳ ಪತ್ರ ಪ್ರತಿ ಕೇಂದ್ರಕ್ಕೂ ಕಳಿಸಿದರಾಯಿತು. 2018ರಿಂದ ದುಬೈ, ಪ್ಯಾರಿಸ್‌ನಲ್ಲಿರುವವರು ಹೀಗೇ ಮತ ಹಾಕುತ್ತಿದ್ದಾರೆ. ದೇಶದೊಳಗಿನವನು ಮಾತ್ರ ದಾಖಲೆಯ ಊರಿಗೆ ಹೋಗಲು ಪಕ್ಷದ ಬಸ್ಸು ಹತ್ತಬೇಕು, ಹತ್ತಿದ ಮೇಲೆ ಆ ಪಕ್ಷದ ಋಣ. ಮೆಗಾಸೆಂಟರ್ ಬಗ್ಗೆ 2022ರ ಚುನಾವಣೆಗೆ ಮುಂಚೆ ಚರ್ಚೆಯಾಯಿತು, ಜಾರಿಯಾಗಲಿಲ್ಲ.

ದಂಡೆಮನೆ: ಸಂಸತ್ತಿಗೆ ಅದನ್ನು ಒಪ್ಪುತ್ತೇನೆ. ಪುರಸಭೆಗೆ ಒಪ್ಪಲಾರೆ. ಅಲ್ಲಿ ಕಾನೂನಿನಲ್ಲಿ ಪಂಗಡದ ಮೀಸಲು ಇಲ್ಲ. ಬಾಡಿಗೆ ಮೌಲ್ಯದ ಮೇಲಿನ ತೆರಿಗೆ ಕಟ್ಟುವವನು ಮನೆಯಲ್ಲಿ ಇರುವವನೇ.

ಹಳೇಪುಟ: ಪುರಸಭೆಗೆ ಬೇಕಾದರೆ ಆಯ್ಕೆ ಅವನಿಗೇ ಕೊಡಿ: ಇದ್ದ ಊರೋ, ದಾಖಲೆಯ ಊರೋ, ಒಂದು ಕಡೆ ಮಾತ್ರ. ಅಜ್ಜನ ಊರಿನ ಪುಟದಿಂದ ಅವನ ಹೆಸರನ್ನು ಮಾತ್ರ ಯಾರೂ ಹೊಡೆದು ಹಾಕಕೂಡದು.