ಆಶ್ರಮದ ಅಜ್ಜಿಯ ಪರವಾಗಿ ನಾನು ಎಷ್ಟರ ಮಟ್ಟಿಗೆ ಮಾತನಾಡಬಹುದು?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕು)

ಸಿಸ್ಟರ್‌ಗಳು ನಡೆಸುವ ವೃದ್ಧಾಶ್ರಮವೊಂದರಲ್ಲಿ ನಾನು ಆರೈಕೆಯ ಕೆಲಸ ಮಾಡುತ್ತೇನೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಲಕ್ವ ಹೊಡೆದ ಮೇಲೆ ಮಾತು ತೊದಲುತ್ತದೆ, ಆದರೆ ಬುದ್ಧಿ ಚುರುಕಾಗಿಯೇ ಇದೆ. ಅವರ ಹೆಸರಿನ ಅಡಿಕೆ ತೋಟವನ್ನು ದಾನಪತ್ರದ ಮೂಲಕ ಬರೆಸಿಕೊಳ್ಳಲು ಮಗ ಮುಂದಿನ ತಿಂಗಳು ಅವರನ್ನು ನೋಂದಣಿ ಕಚೇರಿಗೆ ಕರೆದೊಯ್ಯುತ್ತಾರಂತೆ. ಮೊನ್ನೆ ಸ್ನಾನ ಮಾಡಿಸುವಾಗ ಅಜ್ಜಿ ನನ್ನ ಕೈ ಹಿಡಿದು, “ಹೆಬ್ಬೆಟ್ಟು ಒತ್ತಲ್ಲ” ಎಂದರು. ಮಗನೆದುರು ಮಾತ್ರ ಸುಮ್ಮನೆ ತಲೆಯಾಡಿಸುತ್ತಾರೆ. ಇದು ಮನೆಯ ವಿಷಯ, ಪ್ರಾರ್ಥಿಸೋಣ ಎಂದು ಮೇಲ್ವಿಚಾರಕರು ಹೇಳಿದರು. ಪ್ರಾರ್ಥಿಸುತ್ತಿದ್ದೇನೆ, ಆದರೆ ನನಗೆ ನಿದ್ರೆ ಬರುತ್ತಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ (ಸಾಗರ)

ಸಹೋದರಿ, ಮಾತು ತೊದಲಿದ ಮಾತ್ರಕ್ಕೆ ಆಸ್ತಿಯ ಬಗ್ಗೆ ನಿರ್ಧರಿಸುವ ಹಕ್ಕು ಹೋಗುವುದಿಲ್ಲ. ಅಂಗವಿಕಲರು ತಮ್ಮ ಹಣಕಾಸನ್ನು ತಾವೇ ನಿಯಂತ್ರಿಸುವ ಹಕ್ಕನ್ನು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಅಜ್ಜಿ ಮುಂದೆ ಮನಸ್ಸು ಬದಲಿಸಿ ತೋಟ ಕೊಡುವುದಾದರೂ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಲಿ. ಏಕೆಂದರೆ ಆ ಷರತ್ತು ಮುರಿದರೆ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೆಯ ಕಲಮಿನಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ದಾನವನ್ನು ರದ್ದುಮಾಡಬಹುದು. ತೀರ್ಥಹಳ್ಳಿಯವರಿಗೆ ಆ ಕಚೇರಿ ಶಿವಮೊಗ್ಗದಲ್ಲಿದೆ. ಮಹಿಳೆಯಾದ್ದರಿಂದ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಅವರಿಗೆ ಉಚಿತ ವಕೀಲರು ಸಿಗುತ್ತಾರೆ (ದೂರವಾಣಿ 15100). ಹಿರಿಯರ ಸಹಾಯವಾಣಿ 14567.

ಉತ್ತರ (ಶಿವಮೊಗ್ಗ)

ಕಾನೂನಿಗೂ ಮೊದಲು ಒಂದು ಮಾತು. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯನನ್ನು ಜನರೆಲ್ಲ ಸುಮ್ಮನಿರಿಸಲು ನೋಡುತ್ತಾರೆ. ಯೇಸು ಮಾತ್ರ ಅವನನ್ನು ಕರೆಸಿ, ತಾನು ಏನು ಮಾಡಬೇಕೆಂದು ಅವನನ್ನೇ ಕೇಳುತ್ತಾನೆ. ಕುರುಡನಿಗೆ ಏನು ಬೇಕೆಂಬುದು ಎದುರಿಗೇ ಕಾಣುತ್ತಿದ್ದರೂ ಕೇಳಿದ ಆ ಪ್ರಶ್ನೆಯನ್ನು ನಮ್ಮ ಸೇವಾಸಂಸ್ಥೆಗಳಲ್ಲಿ ನಾವು ಕೇಳುವುದೇ ಕಡಿಮೆ. ಅಜ್ಜಿ ದಣಿಯದ ಹೊತ್ತಿನಲ್ಲಿ, ಒಬ್ಬರೇ ಇರುವಾಗ, ಎರಡು ಬೇರೆ ದಿನ ಕೇಳಿ, ಉತ್ತರಕ್ಕೆ ಅವಸರಪಡಿಸಬೇಡಿ, ಅವರ ಮಾತನ್ನು ತಿದ್ದದೆ ದಿನಾಂಕದೊಡನೆ ಬರೆದಿಡಿ. ಅನ್ನ ಹಾಕುವ ಕೈಗೆ ಎದುರಾಡಲು ಆಶ್ರಮವಾಸಿಗಳು ಅಂಜುತ್ತಾರೆ, ಆದ್ದರಿಂದ ಆಶ್ರಮಕ್ಕೆ ಸೇರದ ಒಬ್ಬರು ಜೊತೆಯಲ್ಲಿರಬೇಕು.

ಪ್ರಶ್ನೆ ಕೇಳಿದವರಿಂದ

ಎರಡು ದಿನವೂ ಕೇಳಿದೆ. ಮಗನ ಮೇಲೆ ದೂರು ಕೊಡುವುದು ಅಜ್ಜಿಗೆ ಬೇಡ. ವಕೀಲರು ಆಶ್ರಮಕ್ಕೇ ಬರಲಿ, ಮಗನೂ ಇರಲಿ, ತಾನೇ ಹೇಳುತ್ತೇನೆ ಎಂದರು. ಅದಕ್ಕೂ ಮೊದಲು ಒಮ್ಮೆ ತೋಟ ನೋಡಬೇಕಂತೆ. ನಾಳೆ 15100ಕ್ಕೆ ಕರೆ ಮಾಡುತ್ತೇನೆ.