ಸಬ್‌ಟೈಟಲ್: ಚೌಕ ಆವರಣದೊಳಗೆ ಶಬ್ದವೋ, ಸದ್ದೋ, ಸಪ್ಪಳವೋ?

ದಾವಣಗೆರೆಯಿಂದ:
ನಮಸ್ಕಾರ. ಸ್ವಲ್ಪ ಅವಸರ ಇದೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಬಗ್ಗೆ ಗೆಳೆಯರು ಕಿರುಚಿತ್ರ ಮಾಡಿದ್ದಾರೆ. ಭಾನುವಾರ ಕಿವಿ ಕೇಳದವರಿಗೆ ತೋರಿಸುತ್ತೇವೆ. ಸಬ್‌ಟೈಟಲ್ ಕೆಲಸ ನನ್ನ ತಲೆಗೆ ಬಂದಿದೆ. ಮಾತು ಬರೆದಾಯಿತು. ಸಿಕ್ಕಿಕೊಂಡಿರುವುದು ಮಾತಲ್ಲದ್ದರಲ್ಲಿ. ಇಂಗ್ಲಿಷಿನವರು ಅದನ್ನು ಚೌಕ ಆವರಣದಲ್ಲಿ ಹಾಕುತ್ತಾರೆ, ಇಲ್ಲವೇ ಬಿಬಿಸಿಯವರ ಹಾಗೆ ದೊಡ್ಡಕ್ಷರದಲ್ಲಿ. ನಮಗೆ ದೊಡ್ಡಕ್ಷರವೇ ಇಲ್ಲ. ಓರೆ ಅಕ್ಷರ ಮಾಡಿ ನೋಡಿದೆ, ಒತ್ತುಗಳೆಲ್ಲ ಪಕ್ಕದ ಅಕ್ಷರದ ಮೇಲೆ ವಾಲಿದವು. ಹಾಗಾಗಿ ಆವರಣವೇ ಗತಿ. ಒಳಗೆ ಏನು ಬರೆಯಲಿ? [ಬಾಗಿಲು ಬಡಿಯುವ ಶಬ್ದ], ಸದ್ದು, ಸಪ್ಪಳ? ಬರೀ [ದಡದಡ] ಸಾಕಾ?

ಚಿತ್ರದುರ್ಗದಿಂದ:
ಅನುಕರಣಾವ್ಯಯವನ್ನು ಒಂಟಿಯಾಗಿ ನಿಲ್ಲಿಸಬೇಡಿ. 'ದಡದಡನೆ' ಏನಾಯಿತು? 'ಶಬ್ದ'ವೂ ಬೇಡ, ಅದಕ್ಕೆ ಪದ ಅನ್ನುವ ಅರ್ಥವೂ ಇದೆ. 'ಸದ್ದು' ಅನ್ನಿ, ಅಚ್ಚಗನ್ನಡ. ಸಬ್‌ಟೈಟಲ್ ಅನ್ನುವುದನ್ನೂ ಬಿಟ್ಟು 'ಅಡಿಬರಹ' ಅನ್ನಿ.

ಹರಿಹರದಿಂದ:
ಮೇಷ್ಟ್ರೇ, 'ಸದ್ದು' ಯಾವ ಸೀಮೆಯ ಅಚ್ಚಗನ್ನಡ? ಶಬ್ದದ ತದ್ಭವ ಅದು, ಪ್ರಾಕೃತದ 'ಸದ್ದ'ದ ಮೂಲಕ ಬಂದದ್ದು. ನಮ್ಮದೇ ಬೇಕಿದ್ದರೆ 'ಸಪ್ಪಳ' ಇದೆ. ತೆಲುಗಿನ 'ಚಪ್ಪುಡು' ಅದರ ದಾಯಾದಿ. ಈ ಕಡೆ ಕ್ಲಾಸಿನಲ್ಲಿ ಬೈಯುವುದೂ 'ಸಪ್ಪಳ ಮಾಡಬ್ಯಾಡ್ರಿ' ಅಂತಲೇ.

ಚಿತ್ರದುರ್ಗದಿಂದ:
ತದ್ಭವ ಆದಮೇಲೆ ನಮ್ಮದೇ. ಮನೆ ತುಂಬಿದ ಸೊಸೆಯ ತವರು ಯಾವುದು ಅಂತ ದಿನಾ ಕೇಳುತ್ತೀರಾ?

ಹರಿಹರದಿಂದ:
ಹಾಗಾದರೆ ಸಬ್‌ಟೈಟಲ್ಲೂ ಸೊಸೆಯೇ. ಬಸ್ಸು, ಕಾರು, ಸೈಕಲ್ಲು ಎಲ್ಲಾ ಸೊಸೆಯರೇ. ಅಡಿಬರಹ ಅಂದರೆ ಫೋಟೋ ಕೆಳಗಿನ ಸಾಲು.

ಚಿತ್ರದುರ್ಗದಿಂದ:
ಸೊಸೆ ಬೇರೆ, ಬಾಡಿಗೆಯವರು ಬೇರೆ.

ದಾವಣಗೆರೆಯಿಂದ:
ಸಂಸಾರದ ಜಗಳ ಆಮೇಲೆ ಮುಂದುವರಿಸಿ ಸರ್. ಮೂರ್ನಾಲ್ಕು ಬಗೆ ಬರೆದು ಕಿವಿ ಕೇಳದ ಗೆಳೆಯನಿಗೇ ತೋರಿಸಿದೆ. [ಬಾಗಿಲು ಬಡಿಯುವ ಸಪ್ಪಳ] ಅಂದರೆ ನೆಂಟರು ಬಂದ ಹಾಗಿದೆಯಂತೆ. 'ದಡದಡ' ಸೇರಿಸಿದ ಕೂಡಲೇ ಬಂದವರು ಸಿಟ್ಟಿನಲ್ಲಿದ್ದಾರೆ ಅಂತ ಗೊತ್ತಾಯಿತಂತೆ. ನನಗೆ ಇದು ಹೊಳೆದೇ ಇರಲಿಲ್ಲ. ನಮ್ಮ ಜೋಡಿಪದಗಳಿಗೆ ಕಿವಿಯೊಂದೇ ಬಾಗಿಲಲ್ಲ. ಗಿರಗಿರ, ಥಳಥಳ ಇವಕ್ಕೆ ಕಣ್ಣು ಸಾಕು ಅಲ್ವಾ? ಆದ್ದರಿಂದ [ಬಾಗಿಲು ದಡದಡ ಬಡಿಯುವ ಸಪ್ಪಳ] ಅಂತಲೇ ಇಡುತ್ತೇನೆ. ಭಟ್ಟಿಯಲ್ಲಿ ಮಂಡಕ್ಕಿ ಅರಳುವ ಕಡೆ [ಚಟಪಟ] ಹಾಕಿದ್ದೆ, ಅದನ್ನು ಅಳಿಸಿಬಿಡು ಅಂದ. ಕಾಣುವುದನ್ನು ಯಾಕೆ ಬರೆಯುತ್ತೀಯ, ಕಾಣದ್ದನ್ನು ಬರಿ ಅಂತ.

ಇನ್ನೊಂದು ತೊಡಕು ಉಳಿದಿದೆ. ಮಾತು ತಾನಾಗಿ ನಿಂತರೆ ಮೂರು ಚುಕ್ಕೆ, ಸರಿ. ಇನ್ನೊಬ್ಬರು ಬಾಯಿ ಹಾಕಿ ತಡೆದರೆ? 'ನಾನು ಅವನಿಗೆ ದುಡ್ಡು' ಅನ್ನುವಷ್ಟರಲ್ಲಿ ಅಣ್ಣ ಅಡ್ಡ ಬರುತ್ತಾನೆ. ನಮ್ಮ ಕ್ರಿಯಾಪದ ಕೊನೆಯಲ್ಲಿ. ಕೊಟ್ಟನೋ, ಕೇಳಿದನೋ, ತಿಳಿಯುವುದೇ ಇಲ್ಲ. ಅಲ್ಲೂ ಚುಕ್ಕೆ ಇಟ್ಟರೆ ಅವನೇ ಹಿಂಜರಿದ ಹಾಗೆ ಕಾಣುತ್ತದೆ.

ಚಿತ್ರದುರ್ಗದಿಂದ:
ಎರಡು ಅಡ್ಡಗೆರೆ ಹಾಕಿ. 'ಡ್ಯಾಶ್' ಅನ್ನಬೇಡಿ ಅಷ್ಟೇ.

ಹರಿಹರದಿಂದ:
ದಾವಣಗೆರೆಯವರಿಗೇ ಗೆರೆ ಪಾಠವಾ!

ಚಿತ್ರದುರ್ಗದಿಂದ:
ಅಲ್ಲಿರುವುದು ಕೆರೆ. ಆದೇಶಸಂಧಿ.